ನೆಲಮಾಳಿಗೆಗೆ ಬಂದ ಬೆಳಕು

ಲಂಡನ್ನಿನ ಟ್ರಫಾಲ್ಗರ್ ಚೌಕದ ಪಕ್ಕದಲ್ಲಿ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ಚರ್ಚಿದೆ. ಹೊಲಗಳ ನಡುವಿನ ಸಂತ ಮಾರ್ಟಿನ್ ಎಂಬುದು ಆ ಹೆಸರಿನ ಅರ್ಥ. ಹೊಲಗಳು ಮಾಯವಾಗಿ ಕೆಲವು ಶತಮಾನಗಳೇ ಕಳೆದಿವೆ. ಚರ್ಚಿನ ನೆಲಮಾಳಿಗೆಗೆ ಇಳಿದರೆ ಇಟ್ಟಿಗೆಯ ಕಮಾನುಗಳ ಕೆಳಗೆ ಒಂದು ಉಪಾಹಾರ ಗೃಹ ಸಿಗುತ್ತದೆ. ಮೇಜುಗಳ ಅಡಿಯ ಚಪ್ಪಡಿಗಳನ್ನು ಬಗ್ಗಿ ನೋಡಿದರೆ ಸವೆದ ಅಕ್ಷರಗಳಲ್ಲಿ ಹೆಸರುಗಳು ಕಾಣುತ್ತವೆ. ಅವು ಗೋರಿಕಲ್ಲುಗಳು. ಸತ್ತವರಿಗಾಗಿ ಕಟ್ಟಿದ ಜಾಗ ಬದುಕಿರುವವರ ಪಾಲಿಗೆ ಬಂದ ಕಥೆ ಸುಮಾರು ಮುನ್ನೂರು ವರ್ಷಗಳಷ್ಟು ಹಳೆಯದು.

ಈಗಿರುವ ಚರ್ಚಿನ ಶಿಲ್ಪಿ ಜೇಮ್ಸ್ ಗಿಬ್ಸ್. 1722ರಲ್ಲಿ ಆರಂಭವಾದ ಕಟ್ಟಡ 1726ರಲ್ಲಿ ಮುಗಿಯಿತು. ಮುಂಭಾಗದಲ್ಲಿ ಗ್ರೀಕ್ ದೇಗುಲದಂಥ ಕಂಬಸಾಲು, ಅದರ ಹಿಂದೆ ಎತ್ತರದ ಗೋಪುರ. ಈ ಮಾದರಿ ಹಡಗು ಹತ್ತಿ ಹಲವು ದೇಶಗಳಿಗೆ ಹೋಯಿತು; ಭಾರತಕ್ಕೂ ಬಂತು. 1821ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಆಂಡ್ರ್ಯೂಸ್ ಚರ್ಚು ಇದನ್ನೇ ಅನುಸರಿಸಿದ್ದು. ಅದನ್ನು ಕಟ್ಟಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್ ಕನ್ನಡ ನಾಡಿಗೂ ಗೊತ್ತಿದ್ದವನು. ಶ್ರೀರಂಗಪಟ್ಟಣದಲ್ಲಿ ಅವನು ಕಟ್ಟಿಸಿದ ಇಟ್ಟಿಗೆಯ ಕಮಾನು ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಮದರಾಸಿನ ಮೆದು ನೆಲದಲ್ಲಿ ಅವನು ಬಾವಿಗಳನ್ನು ಇಳಿಸಿ ಅವುಗಳ ಮೇಲೆ ಚರ್ಚನ್ನು ನಿಲ್ಲಿಸಿದ. ಲಂಡನ್ನಿನ ಮೂಲ ಚರ್ಚಿನ ಕೆಳಗಿದ್ದದ್ದು ಶವಪೆಟ್ಟಿಗೆಗಳ ಕೋಣೆಗಳು.

ಆ ಕಾಲದ ಇಂಗ್ಲೆಂಡಿನಲ್ಲಿ ಹೊರಗಿನ ಸ್ಮಶಾನಕ್ಕಿಂತ ಚರ್ಚಿನ ಒಳಗೆ ಹೂಳಿಸಿಕೊಳ್ಳುವುದು ಹೆಚ್ಚು ಗೌರವದ ಸಂಗತಿ. ಶುಲ್ಕವೂ ಹೆಚ್ಚು. ಉಳ್ಳವರು ಕೆಳಗಿನ ಕೋಣೆಗಳಲ್ಲಿ ಜಾಗ ಪಡೆದರು, ಇಲ್ಲದವರು ಮಣ್ಣಿಗೆ ಸೇರಿದರು. ನೆಲಮಾಳಿಗೆ ಚರ್ಚಿಗೆ ಆದಾಯ ತರುವ ಜಾಗವಾದದ್ದು ಹೀಗೆ, ಮೊದಲಿನಿಂದಲೇ.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನ ಸ್ಮಶಾನಗಳು ತುಂಬಿ ತುಳುಕಿದ್ದವು. ಕಾಲರಾ ಬೇರೆ ಬಂದು ಹೋಗಿತ್ತು. 1850ರ ದಶಕದ ಕಾಯಿದೆಗಳು ನಗರದ ನಡುವೆ ಶವ ಹೂಳುವುದನ್ನು ನಿಲ್ಲಿಸಿದವು. ಸೇಂಟ್ ಮಾರ್ಟಿನ್ ಚರ್ಚಿನ ಸಾವಿರಾರು ಪೆಟ್ಟಿಗೆಗಳನ್ನು ತೆಗೆಯುವ ಕೆಲಸ ಶುರುವಾದಾಗ ಫ್ರ್ಯಾಂಕ್ ಬಕ್‌ಲ್ಯಾಂಡ್ ಎಂಬ ಜೀವವಿಜ್ಞಾನಿ ಅಲ್ಲಿಗೆ ಓಡಿ ಬಂದ. 1793ರಲ್ಲಿ ತೀರಿಕೊಂಡ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಅಲ್ಲೇ ಎಲ್ಲೋ ಇದ್ದಾನೆಂದು ಅವನಿಗೆ ಗೊತ್ತಿತ್ತು. ಎರಡು ವಾರಕ್ಕೂ ಮೀರಿ ದುರ್ನಾತದ ನಡುವೆ ಒಂದೊಂದೇ ಪೆಟ್ಟಿಗೆಯ ಹೆಸರು ಓದುತ್ತ ಹೋದ. ಕೊನೆಗೂ ಹಂಟರ್ ಸಿಕ್ಕಿದ. 1859ರಲ್ಲೇ ಅವನ ಅವಶೇಷವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಗೆ ಮರ್ಯಾದೆಯಿಂದ ಒಯ್ಯಲಾಯಿತು. ಹುಡುಕುವವರಿಲ್ಲದ ಉಳಿದವರು ಹೆಸರಿಲ್ಲದೆ ಸ್ಥಳಾಂತರಗೊಂಡರು.

ಖಾಲಿಯಾದ ಜಾಗಕ್ಕೆ ಹೊಸ ಅರ್ಥ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1914ರಲ್ಲಿ ಇಲ್ಲಿಗೆ ಬಂದ ಪಾದ್ರಿ ಡಿಕ್ ಶೆಪರ್ಡ್ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳ ಪಕ್ಕ ಕುಳಿತು ಬಂದವರು. ಚರ್ಚಿನ ಸಮೀಪದಲ್ಲೇ ಚೇರಿಂಗ್ ಕ್ರಾಸ್ ರೈಲು ನಿಲ್ದಾಣ. ಯುದ್ಧಭೂಮಿಯಿಂದ ಬಂದ, ಅಲ್ಲಿಗೆ ಹೊರಟ ಸೈನಿಕರಿಗೆ ರಾತ್ರಿ ತಲೆ ಊರಲು ಜಾಗವಿರಲಿಲ್ಲ. ಚರ್ಚಿನ ಬಾಗಿಲಿಗೆ ಬೀಗ ಹಾಕಕೂಡದೆಂದು ಶೆಪರ್ಡ್ ನಿರ್ಧರಿಸಿದರು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದವರು, ಸೂರಿಲ್ಲದವರು ಬಂದರು. ಸಂತ ಮಾರ್ಟಿನ್ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಅರ್ಧ ಕೊಟ್ಟನೆಂಬುದು ಐತಿಹ್ಯ. ಆ ಸಂತನ ಹೆಸರಿನ ಚರ್ಚು ತನ್ನ ನೆಲಮಾಳಿಗೆಯನ್ನು ಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಬಿದ್ದಾಗ ಜನ ಇದೇ ಕಮಾನುಗಳ ಕೆಳಗೆ ಅಡಗಿ ಕುಳಿತರು.

ಆದರೆ ಔದಾರ್ಯಕ್ಕೂ ಹಣ ಬೇಕು. ಸೋರುವ ಮಾಡು, ಹಳೆಯ ಗೋಡೆ, ದಿನವೂ ಬಾಗಿಲಿಗೆ ಬರುವ ನಿರ್ಗತಿಕರು. ಕಾಣಿಕೆಯ ಹಣದಲ್ಲಿ ಎಲ್ಲವನ್ನೂ ತೂಗಿಸುವುದು ಕಷ್ಟ. 1987ರಲ್ಲಿ ನೆಲಮಾಳಿಗೆಯಲ್ಲಿ ಉಪಾಹಾರ ಗೃಹ ತೆರೆದದ್ದು ಈ ಕಾರಣಕ್ಕೆ. ಪ್ರವಾಸಿ ಕೊಟ್ಟ ಕಾಫಿಯ ದುಡ್ಡಿನ ಲಾಭ ಚರ್ಚಿನ ಕೆಲಸಗಳಿಗೆ ಹೋಯಿತು. ದೇವರ ಮನೆಯಲ್ಲಿ ವ್ಯಾಪಾರ ಸಲ್ಲುವುದೇ ಎಂಬ ಪ್ರಶ್ನೆ ಇಂಥ ಕಡೆಗಳಲ್ಲೆಲ್ಲ ಏಳುವಂಥದ್ದು. ಹಿಂದೆ ಇದೇ ನೆಲದಡಿಯಲ್ಲಿ ಹೆಣಕ್ಕೆ ಶುಲ್ಕ ಪಡೆಯಲಾಗುತ್ತಿತ್ತು ಎಂಬುದನ್ನು ಆಗ ನೆನೆಯಬಹುದು.

ಇಷ್ಟಾದರೂ ನೆಲದಡಿಯ ಜಾಗ ಕತ್ತಲೆಯ, ಇಕ್ಕಟ್ಟಿನ ಜಾಗವಾಗಿಯೇ ಉಳಿದಿತ್ತು. ಚರ್ಚಿಗೂ ಅದರ ಉತ್ತರಕ್ಕೆ ಜಾನ್ ನ್ಯಾಶ್ ರೂಪಿಸಿದ ಕಟ್ಟಡಗಳ ಸಾಲಿಗೂ ನಡುವೆ ಹಳೆಯ ಶವಕೋಣೆಗಳು ಹರಡಿಕೊಂಡಿದ್ದವು. 2005ರಿಂದ 2008ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ಎರಿಕ್ ಪ್ಯಾರಿ ಇವೆಲ್ಲವನ್ನೂ ಒಂದಾಗಿ ಜೋಡಿಸಿದರು. ಬೀದಿಯ ಮಟ್ಟದಲ್ಲಿ ಗಾಜಿನ ಪುಟ್ಟ ಮಂಟಪ. ಅದರೊಳಗಿಂದ ಕೆಳಗಿಳಿಯಲು ಮೆಟ್ಟಿಲು, ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟು. ತೆರೆದ ಬಾವಿಯಂಥ ಅಂಗಳದಿಂದ ಹಗಲಿನ ಬೆಳಕು ನೆಲದಡಿಗೆ ಇಳಿಯಿತು. ಸೂರಿಲ್ಲದವರ ಸೇವಾ ಕೇಂದ್ರ, ಚೀನೀ ಸಮುದಾಯದ ಕೇಂದ್ರ, ಸಂಗೀತಗಾರರ ಅಭ್ಯಾಸದ ಕೋಣೆ, ಡಿಕ್ ಶೆಪರ್ಡರ ಹೆಸರಿನ ಪುಟ್ಟ ಪ್ರಾರ್ಥನಾಲಯ, ಎಲ್ಲಕ್ಕೂ ಜಾಗವಾಯಿತು. ಖರ್ಚು ಸುಮಾರು 3 ಕೋಟಿ 60 ಲಕ್ಷ ಪೌಂಡು. ಇದರಲ್ಲಿ ದೊಡ್ಡ ಪಾಲು ಬಂದದ್ದು ರಾಷ್ಟ್ರೀಯ ಲಾಟರಿಯ ಹಣದಿಂದ ನಡೆಯುವ ಪರಂಪರೆ ನಿಧಿಯಿಂದ.

ಅಗೆತದಲ್ಲಿ ಇತಿಹಾಸವೇ ಹಿಂದಕ್ಕೆ ಸರಿದ ಪ್ರಸಂಗವೂ ನಡೆಯಿತು. 2006ರಲ್ಲಿ ಸುಣ್ಣಕಲ್ಲಿನ ಒಂದು ಶವಪೆಟ್ಟಿಗೆ ಸಿಕ್ಕಿತು. ಒಳಗೆ ತಲೆಯಿಲ್ಲದ ಅಸ್ಥಿಪಂಜರ. ಕಾಲ ಕ್ರಿ.ಶ. 410ರ ಆಸುಪಾಸು, ಅಂದರೆ ರೋಮನ್ನರು ಬ್ರಿಟನ್ನಿನಿಂದ ಕಾಲ್ತೆಗೆದ ಹೊತ್ತು. ಗಿಬ್ಸ್‌ನ ಚರ್ಚಿಗಿಂತ 1,300 ವರ್ಷ ಮೊದಲೇ ಈ ನೆಲ ಸತ್ತವರಿಗೆ ಜಾಗ ಕೊಟ್ಟಿತ್ತು.

ಉಪಾಹಾರ ಗೃಹವನ್ನು ನೆಚ್ಚಿಕೊಂಡದ್ದರ ಅಪಾಯ 2020ರಲ್ಲಿ ಕಂಡಿತು. ಕೋವಿಡ್ ಕಾಲದಲ್ಲಿ ಪ್ರವಾಸಿಗಳಿಲ್ಲ, ಕಾಫಿಯಿಲ್ಲ, ಕಛೇರಿಯೂ ಇಲ್ಲ. ಆದಾಯದ ಮುಖ್ಯ ದಾರಿಗಳೇ ಮುಚ್ಚಿದವು. ಬೀದಿಯಲ್ಲಿ ಮಲಗುವವರು ಮಾತ್ರ ಬೀದಿಯಲ್ಲೇ ಇದ್ದರು. ದುಡ್ಡು ಕೊಡುವವರು ಬಾರದಾಗ ದುಡ್ಡಿಲ್ಲದವರನ್ನು ನೋಡಿಕೊಳ್ಳುವುದು ಹೇಗೆಂಬ ಲೆಕ್ಕ ಚರ್ಚಿನ ಎದುರು ನಿಂತಿತು. ಈಗ ಮತ್ತೆ ಮೇಜುಗಳು ತುಂಬುತ್ತಿವೆ. ಒಂದು ಕಡೆ ದುಡ್ಡು ಕೊಟ್ಟು ಉಣ್ಣುವವರು, ಇನ್ನೊಂದು ಕಡೆ ಆಸರೆ ಅರಸಿ ಬಂದವರು. ಇಬ್ಬರ ನಡುವೆ ಇರುವುದು ಕೆಲವು ಗೋಡೆಗಳು ಮಾತ್ರ.