ಪಾಯವಾಟೆಯ ಮೇಲೆ ಎರಡು ಚಕ್ರ

ಹಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ, ಖಾರಘರ್ ಗುಡ್ಡದ ಇಳಿಜಾರಿನಲ್ಲಿ ನಾನು ಸೈಕಲ್ಲನ್ನು ತಳ್ಳಿಕೊಂಡು ಇಳಿಯುತ್ತಿದ್ದೆ. ಡೊಂಬಿವಲಿಯಿಂದ ಹುಮ್ಮಸ್ಸಿನಿಂದ ಹೊರಟವನ ಸ್ಥಿತಿ ಮೂರು ಗಂಟೆಯೊಳಗೆ ಅಲ್ಲಿಗೆ ಬಂದಿತ್ತು. ಹೊಸ ಸೈಕಲ್ಲು. ಚೌಕಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಎಂಟಿಬಿ’ ಎಂದು ಬರೆದಿತ್ತು. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು. ಅಂಗಡಿಯವನು ಸ್ಪ್ರಿಂಗನ್ನು ಅದುಮಿ ತೋರಿಸಿ, ‘ಪಹಾಡ್ ಪೇ ಭೀ ಚಲೇಗಾ’ ಎಂದಿದ್ದ. ಗುಡ್ಡ ಹತ್ತುವಾಗ ಆ ಸ್ಪ್ರಿಂಗುಗಳೇ ನನ್ನ ಅರ್ಧ ಶಕ್ತಿಯನ್ನು ಕುಡಿದವು. ಇಳಿಯುವಾಗ ಒದ್ದೆ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರಿತು, ಹಿಂದಿನ ಚಕ್ರದ ಎರಡು ಕಡ್ಡಿ ಮುರಿದವು. ಅದೇ ಹೊತ್ತಿಗೆ ಮೇಲಿನ ವಾಡಿಯ ಒಬ್ಬ ಹೆಂಗಸು ತಲೆಯ ಮೇಲೆ ಸೌದೆಯ ಹೊರೆ ಹೊತ್ತು, ಬರಿಗಾಲಲ್ಲಿ, ನನ್ನನ್ನು ದಾಟಿ ಸರಸರನೆ ಇಳಿದು ಹೋದಳು.

ದಾರಿ ಅವಳದು, ಸೈಕಲ್ಲು ನನ್ನದು. ಎರಡಕ್ಕೂ ಪರಿಚಯವೇ ಇರಲಿಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಸುತ್ತ ಗುಡ್ಡದಲ್ಲಿ ಸೈಕಲ್ ಹೊಡೆಯುವುದು ಇಂದು ಸಾವಿರಾರು ಜನರ ಹವ್ಯಾಸ. ಅದರ ಚರಿತ್ರೆ ಹೇಳಹೊರಟವರು ಸಾಮಾನ್ಯವಾಗಿ ಅಮೆರಿಕದಿಂದ ಶುರು ಮಾಡುತ್ತಾರೆ. ನಾನು ಇಲ್ಲಿನ ದಾರಿಯಿಂದ ಶುರು ಮಾಡುತ್ತೇನೆ. ಯಂತ್ರ ಬಂದದ್ದು ಆಮೇಲೆ.

ಮೊದಲು ದಾರಿ

ಕಾಲುದಾರಿಗೆ ಮರಾಠಿಯಲ್ಲಿ ‘ಪಾಯವಾಟ’ ಎನ್ನುತ್ತಾರೆ. ಈ ಸೀಮೆಯ ಪಾಯವಾಟೆಗಳು ಬಹಳ ಹಳೆಯವು. ಕಲ್ಯಾಣ ಒಂದು ಕಾಲಕ್ಕೆ ಸಮುದ್ರ ವ್ಯಾಪಾರದ ಬಂದರು. ಅಲ್ಲಿ ಇಳಿದ ಸರಕು ಘಟ್ಟ ಹತ್ತಿ ಜುನ್ನರ, ಪೈಠಣಗಳ ಕಡೆಗೆ ಹೋಗುತ್ತಿದ್ದದ್ದು ನಾಣೇಘಾಟಿನ ಮೂಲಕ. ಬಂಡೆ ಕಡಿದು ಮಾಡಿದ ಆ ಕಣಿವೆದಾರಿಯಲ್ಲಿ ಸಾತವಾಹನ ರಾಣಿ ನಾಗನಿಕೆಯ ಶಾಸನ ಇಂದಿಗೂ ಇದೆ. ದಾರಿಯ ಬದಿಯ ದೊಡ್ಡ ಕಲ್ಲಿನ ಹಂಡೆಯನ್ನು ಸುಂಕದ ನಾಣ್ಯ ಹಾಕುತ್ತಿದ್ದ ಪಾತ್ರೆ ಎಂದು ಜನ ತೋರಿಸುತ್ತಾರೆ.

ಠಾಣೆಯ ಬೆನ್ನಿಗಿರುವ ಯೇವೂರು ಗುಡ್ಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಮಗ್ಗುಲು. ಅದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ ಕಾನ್ಹೇರಿ ಗುಹೆಗಳಿವೆ. ಕಪ್ಪು ಬಸಾಲ್ಟ್ ಕಲ್ಲನ್ನು ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು. ಹೆಸರು ಬಂದದ್ದೇ ಕೃಷ್ಣಗಿರಿಯಿಂದ. ಅಲ್ಲಿನ ದಾನಶಾಸನಗಳಲ್ಲಿ ಕಲ್ಯಾಣದ ವರ್ತಕರ ಹೆಸರುಗಳು ಸಿಗುತ್ತವೆ. ನಮಗೆ ಇನ್ನೂ ಹತ್ತಿರದ ಸಂಗತಿ ಇನ್ನೊಂದಿದೆ. 9ನೇ ಶತಮಾನದ ಕಾನ್ಹೇರಿ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನನ್ನು ಸಾರ್ವಭೌಮನೆಂದೂ ಕೊಂಕಣದ ಶಿಲಾಹಾರರಾದ ಪುಲ್ಲಶಕ್ತಿ ಮತ್ತು ಕಪರ್ದಿಯರನ್ನು ಅವನ ಸಾಮಂತರೆಂದೂ ಹೇಳುತ್ತವೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಅದೇ ಅಮೋಘವರ್ಷ. ಉತ್ತರ ಕೊಂಕಣದ ಶಿಲಾಹಾರರು ಮುಂದೆ ಆಳಿದ್ದು ‘ಸ್ಥಾನಕ’ದಿಂದ, ಅಂದರೆ ಇಂದಿನ ಠಾಣೆಯಿಂದ. ಈ ಗುಡ್ಡಗಳಲ್ಲಿ ಕನ್ನಡಿಗ ಸಂಪೂರ್ಣ ಹೊರಗಿನವನೇನಲ್ಲ.

ದಾರಿಗಳ ಗತಿ ಬದಲಾದದ್ದು ರೈಲಿನಿಂದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. 1863ರಲ್ಲಿ ಬೋರಘಾಟ್, 1865ರಲ್ಲಿ ಥಳಘಾಟ್ ಹತ್ತಿತು. ಹೇರೆತ್ತುಗಳ ಸಾಲು ಘಟ್ಟದಿಂದ ಮರೆಯಾಯಿತು. ಆದರೆ ದಾರಿ ಸಾಯಲಿಲ್ಲ. ಸೌದೆಗೆ, ಮೇವಿಗೆ, ಸಂತೆಗೆ, ಗುಡ್ಡದ ಮೇಲಿನ ದೇವರಿಗೆ ನಡೆಯುವ ವಾರಲಿ, ಠಾಕೂರ, ಕಾತಕರಿ ಜನರ ಕಾಲುಗಳು ಅದನ್ನು ಸವೆಸುತ್ತಲೇ ಉಳಿಸಿಕೊಂಡವು. ಇಂದು ನಾವು ‘ಟ್ರೈಲ್’ ಎಂದು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವ ಗೆರೆಗಳಲ್ಲಿ ಬಹುಪಾಲು ಇವೇ.

ಆಮೇಲೆ ಕಪ್ಪು ಸೈಕಲ್ಲು

ಇಂಥ ದಾರಿಗಳಲ್ಲಿ ಸೈಕಲ್ ತುಳಿಯಲು ನಾವು 21ನೇ ಶತಮಾನದವರೆಗೆ ಕಾದಿರಲಿಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಪಾರ್ಸಿ ಯುವಕರ ತಂಡವೊಂದು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟಿತು. ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತಂ ಭುಂಗಾರಾ ಈ ಮೂವರು 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಮರಳಿದರು. ಕ್ರಮಿಸಿದ ದೂರ ಸುಮಾರು 71,000 ಕಿ.ಮೀ. ಮರುಭೂಮಿ, ಕಾಡು, ಹಿಮ ಯಾವುದಕ್ಕೂ ಅವರ ಸೈಕಲ್ಲು ವಿಶೇಷವಾಗಿ ತಯಾರಾದದ್ದಲ್ಲ.

1930ರ ದಶಕದ ಕೊನೆಗೆ ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ ಕಂಪನಿ ಹುಟ್ಟಿತು. ವರಳಿಯಲ್ಲಿ ಅದರ ಕಾರ್ಖಾನೆ. ಸ್ವಾತಂತ್ರ್ಯದ ನಂತರ ಮದರಾಸಿನ ಟಿಐ, ಆಸನಸೋಲಿನ ಸೆನ್-ರ‍್ಯಾಲಿ, ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ ಒಂದರ ಹಿಂದೊಂದು ಬಂದವು. ಹಾಲಿನವನು, ಪೋಸ್ಟ್‌ಮ್ಯಾನ್, ಡಬ್ಬಾವಾಲಾ, ಗಿರಣಿ ಕಾರ್ಮಿಕ ಎಲ್ಲರದೂ ಒಂದೇ ಕಪ್ಪು ಸೈಕಲ್ಲು. ಸುಮಾರು 20 ಕಿಲೋ ತೂಕ, ಸರಳಿನ ಬ್ರೇಕು, 28 ಇಂಚಿನ ಚಕ್ರ, ಒಂದೇ ಗೇರು. ಮುಂಬಯಿ–ಪುಣೆ ಸೈಕಲ್ ರೇಸಿನಲ್ಲಿ ಘಟ್ಟವನ್ನು ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಕೊಡುವ ರೂಢಿ ಹುಟ್ಟಿದ್ದು ಈ ಘಟ್ಟದ ಮೇಲಿನ ಗೌರವದಿಂದಲೇ.

ಈ ಕಪ್ಪು ಸೈಕಲ್ಲನ್ನು ಸ್ವಲ್ಪ ಅಳೆದು ನೋಡಿದರೆ ಬೆರಗಾಗುತ್ತದೆ. ಅದರ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ. ಇಂದು ಗುಡ್ಡಕ್ಕೆ ಹೇಳಿ ಮಾಡಿಸಿದ್ದೆಂದು ಮಾರುವ ‘29 ಇಂಚಿನ’ ಚಕ್ರದ್ದು 622. ಹೆಸರಿನಲ್ಲಿ ದೊಡ್ಡದಾದ 29, ಅಳತೆಯಲ್ಲಿ ನಮ್ಮ ಹಾಲಿನವನ 28ಕ್ಕಿಂತ 13 ಮಿ.ಮೀ. ಚಿಕ್ಕದು! ದೊಡ್ಡ ಚಕ್ರ ಕಲ್ಲು-ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ ಎಂಬುದು ಹಳೆಯ ಡಾಂಬರಿಲ್ಲದ ರಸ್ತೆಗಳಿಗೆ ಗೊತ್ತಿದ್ದ ಸತ್ಯ. ಮುಂದಿನ ಫೋರ್ಕು ಓರೆಯಾಗಿ ಚಾಚಿಕೊಂಡಿರುವುದು, ಎರಡು ಚಕ್ರಗಳ ನಡುವಿನ ಅಂತರ ಉದ್ದವಾಗಿರುವುದು ಕೂಡ ಎರಡಕ್ಕೂ ಸಮಾನ. ಅದರಿಂದಲೇ ಇಳಿಜಾರಿನಲ್ಲಿ ಸೈಕಲ್ಲು ಮುಗ್ಗರಿಸುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ಗೇರು ಮತ್ತು ಬ್ರೇಕಿನಲ್ಲಿ. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿದ್ದರೆ ಒಂದು ಸುತ್ತು ಪೆಡಲಿಗೆ ಆ ಸೈಕಲ್ಲು ಸುಮಾರು 5.5 ಮೀಟರ್ ಮುಂದೆ ಹೋಗಬೇಕು. ಸಮತಟ್ಟಿಗೆ ಸೊಗಸು, ಏರಿಗೆ ಮಂಡಿಮುರುಕ. ಸ್ಟೀಲ್ ರಿಮ್ಮಿಗೆ ರಬ್ಬರು ಒತ್ತುವ ಬ್ರೇಕು ಮಳೆ ಬಿದ್ದೊಡನೆ ಕೈಕೊಡುತ್ತಿತ್ತು.

ಗ್ರೀಸು ಸುಟ್ಟ ಗುಡ್ಡ

ಈ ಎರಡು ಕೊರತೆಗಳಿಗೆ ಉತ್ತರ ಹುಡುಕಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು. ಅವರ ಹತ್ತಿರ ಇದ್ದದ್ದೂ ಹಳೇ ಸೈಕಲ್ಲುಗಳೇ: 1930, 40ರ ದಶಕದ, ದಪ್ಪ ಬಲೂನ್ ಟೈರಿನ, 26 ಇಂಚಿನ ಶ್ವಿನ್‌ಗಳು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಗುಡ್ಡದಿಂದ ಅವರು ಮೊದಲ ಇಳಿಜಾರು ರೇಸ್ ನಡೆಸಿದರು. ಪೆಡಲನ್ನು ಹಿಂದಕ್ಕೆ ತುಳಿದು ಹಾಕುವ ಬ್ರೇಕು ಕಾದು, ಹಬ್ಬಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಗ್ರೀಸು ತುಂಬಬೇಕು. ಹಾಗಾಗಿ ಆ ರೇಸಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು.

ಮುಂದಿನದು ಬೇಗ ನಡೆಯಿತು. 1977ರಲ್ಲಿ ಜೋ ಬ್ರೀಜ್ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲಿ ಮಾರಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಶನ್ ಫೋರ್ಕು ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟವೂ ಸೇರಿತು. ಗಮನಿಸಬೇಕಾದ್ದು ಕ್ರಮವನ್ನು: ಮೊದಲು ದಪ್ಪ ಟೈರು, ಆಮೇಲೆ ಬ್ರೇಕು ಮತ್ತು ಗೇರು, ಕೊಟ್ಟಕೊನೆಗೆ ಸ್ಪ್ರಿಂಗು.

ನಮ್ಮಲ್ಲಿ ಈ ಕ್ರಮ ತಲೆಕೆಳಗಾಯಿತು. 1990ರ ದಶಕದಲ್ಲಿ ರೇಂಜರ್ ಮಾದರಿಯ ದಪ್ಪ ಟೈರಿನ, ನೇರ ಹ್ಯಾಂಡಲಿನ ಸೈಕಲ್ಲುಗಳು ಶಾಲೆಯ ಹುಡುಗರ ಕನಸಾದವು. ಡೊಂಬಿವಲಿಯಲ್ಲಿ ಹತ್ತನೇ ತರಗತಿ ಪಾಸಾದ ಮಗನಿಗೆ ಅಂಥದ್ದೊಂದು ಕೊಡಿಸುವುದು ಅಪ್ಪಂದಿರ ಹೆಮ್ಮೆ. ಅವುಗಳಲ್ಲಿ ಎಷ್ಟಕ್ಕೋ ಗೇರೇ ಇರಲಿಲ್ಲ; ಗುಡ್ಡದ ವೇಷ ಮಾತ್ರ ಇತ್ತು. ಆಮೇಲೆ ಬಂದ ಅಗ್ಗದ ಮಾದರಿಗಳು ಕಣ್ಣಿಗೆ ಕಾಣುವ ಸ್ಪ್ರಿಂಗನ್ನು ಮೊದಲು ಕೊಟ್ಟು, ಕಾಣದ ಹಬ್ಬು, ಬೇರಿಂಗು, ಬ್ರೇಕುಗಳಲ್ಲಿ ಉಳಿತಾಯ ಮಾಡಿದವು. 2005ರಲ್ಲಿ ಫೈರ್‌ಫಾಕ್ಸ್ ಆರಂಭವಾದ ಮೇಲೆ, 2009ರಲ್ಲಿ ಡೆಕ್ಯಾಥ್ಲಾನ್ ಬೆಂಗಳೂರಿನಿಂದ ಭಾರತಕ್ಕೆ ಕಾಲಿಟ್ಟ ಮೇಲೆ ನಿಜವಾದ ಗುಡ್ಡದ ಸೈಕಲ್ಲು ಮಧ್ಯಮ ವರ್ಗದ ಕೈಗೆ ಎಟುಕಿತು. ವೇಷದ ಸೈಕಲ್ಲುಗಳೂ ಪಕ್ಕದಲ್ಲೇ ಉಳಿದವು. ನಾನು ಮೋಸಹೋದದ್ದು ಅಲ್ಲಿ.

ಗುಡ್ಡ ಹೇಳುವ ಲೆಕ್ಕ

ಸಾಮಾನು ಆರಿಸುವಾಗ ಕಂಪನಿಯ ಪಟ್ಟಿಗಿಂತ ಮೊದಲು ನೆಲವನ್ನು ಓದಬೇಕು. ಈ ಭಾಗದ ನೆಲ ದಖನ್ನಿನ ಬಸಾಲ್ಟು. ಅದು ಮೂರು ರೂಪದಲ್ಲಿ ಎದುರಾಗುತ್ತದೆ: ಅಂಚು ಚೂಪಾದ ಕಲ್ಲು, ಕಲ್ಲು ಕೊಳೆತು ಪುಡಿಯಾದ ‘ಮುರುಮ್’, ಮತ್ತು ಮಳೆಗಾಲದ ಅಂಟು ಮಣ್ಣು. ಬೇಸಿಗೆಯಲ್ಲಿ ಮುರುಮ್ ರಾಗಿ ಕಾಳು ಚೆಲ್ಲಿದ ನೆಲದಂತೆ ಜಾರುತ್ತದೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ.

ಆದ್ದರಿಂದ ಮೊದಲ ಹಣ ಟೈರಿಗೆ. 2.2ರಿಂದ 2.4 ಇಂಚು ಅಗಲ, ಬದಿಗಳಲ್ಲಿ ಎದ್ದ ಗುಬಟುಗಳು, ಗಟ್ಟಿಯಾದ ಪಕ್ಕದ ಗೋಡೆ. ರಸ್ತೆಯ ಅಭ್ಯಾಸದಲ್ಲಿ ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ. 70 ಕಿಲೋದ ಸವಾರನಿಗೆ ಟ್ಯೂಬಿದ್ದರೆ 30 ಪಿಎಸ್‌ಐ ಆಸುಪಾಸು ಸಾಕು. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕೈದು ಕಡಿಮೆ ಮಾಡಬಹುದು; ಮುಳ್ಳಿನ ಚಿಕ್ಕ ತೂತು ಒಳಗಿನ ದ್ರವದಿಂದ ತಾನೇ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಬ್ರೇಕು. ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಡಿಸ್ಕು ಇಲ್ಲಿ ಶೋಕಿಯಲ್ಲ, ಅಗತ್ಯ. ಕೆಸರಿನಲ್ಲಿ ರೆಸಿನ್ ಪ್ಯಾಡುಗಳು ಬೇಗ ಸವೆಯುತ್ತವೆ. ಲೋಹದ ಪ್ಯಾಡು ಕಿರುಗುಟ್ಟಿದರೂ ಹೆಚ್ಚು ಬಾಳುತ್ತದೆ.

ಮೂರನೆಯದು ಗೇರು. ಮುಂದೆ 32, ಹಿಂದೆ 46 ಹಲ್ಲಿದ್ದರೆ ಒಂದು ಸುತ್ತಿಗೆ ಸೈಕಲ್ಲು ಬರೀ 1.6 ಮೀಟರ್ ಹೋಗುತ್ತದೆ. ಕಪ್ಪು ಸೈಕಲ್ಲಿನ 5.5ರ ಪಕ್ಕ ಇಟ್ಟು ನೋಡಿ. ಮಂಡಿ ಉಳಿಯುವುದು ಅಲ್ಲಿ. ಕೊನೆಯದು ಸ್ಪ್ರಿಂಗು: ಮುಂದೆ 100–120 ಮಿ.ಮೀ. ಓಡುವ, ಅದುಮಿ ಬಿಟ್ಟಾಗ ಚಿಮ್ಮದೆ ನಿಧಾನವಾಗಿ ಮರಳುವ ಒಂದು ಒಳ್ಳೆಯ ಫೋರ್ಕು ಸಾಕು. ಅದೇ ಬೆಲೆಗೆ ಹಿಂದೆಯೂ ಸ್ಪ್ರಿಂಗು ಕೊಡುತ್ತೇವೆಂದರೆ ಬೇರೆಲ್ಲೋ ಕಡಿತವಾಗಿದೆ ಎಂದು ತಿಳಿಯಿರಿ. ಚೌಕಟ್ಟಿನ ಅಳತೆ ನಿಮ್ಮ ಎತ್ತರಕ್ಕೆ ಹೊಂದಲಿ. ಹೆಲ್ಮೆಟ್ಟಿನ ಬಗ್ಗೆ ಚೌಕಾಸಿ ಬೇಡ.

ನನ್ನ ಮುರಿದ ಕಡ್ಡಿಗಳನ್ನು ಹಾಕಿಕೊಟ್ಟ ಡೊಂಬಿವಲಿಯ ವಯಸ್ಸಾದ ಮೇಸ್ತ್ರಿಯೊಬ್ಬರು ಚಕ್ರ ತಿರುಗಿಸಿ ಬೆಂಡು ತೆಗೆಯುತ್ತಾ ಹೇಳಿದ ಮಾತು ಇಷ್ಟೇ: ‘ಭಾವೂ, ಚಕ್ರ ಮೊದಲು ನೋಡು, ಬಣ್ಣ ಆಮೇಲೆ.’ ಮೂರು ದೇಶಗಳ ಚರಿತ್ರೆ ಓದಿದ ಮೇಲೂ ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಸಿಕ್ಕಿಲ್ಲ.

ದಾರಿ ಯಾರದು?

ಸೈಕಲ್ಲು ಸರಿಯಾದಷ್ಟು ಹೊತ್ತಿಗೆ ದಾರಿ ಕಿರಿದಾಗಿದೆ. 1916ರಲ್ಲಿ ರೈಲಿಗಾಗಿ ಪಾರಸಿಕ್ ಗುಡ್ಡದಲ್ಲಿ ಸುರಂಗ ತೆರೆದಾಗ ಗುಡ್ಡದ ಮೇಲ್ಭಾಗ ಹಾಗೇ ಇತ್ತು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದಾಗ ಅದರ ಕಲ್ಲು-ಜಲ್ಲಿಗೆ ಅಕ್ಕಪಕ್ಕದ ಗುಡ್ಡಗಳೇ ಕ್ವಾರಿಗಳಾದವು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕಾಗಿ ಉಳವೆಯ ಗುಡ್ಡವನ್ನೇ ಕಡಿದು ಸಮ ಮಾಡಲಾಯಿತು. ಠಾಣೆಯಿಂದ ಬೋರಿವಲಿಗೆ ಸುಮಾರು 12 ಕಿ.ಮೀ. ಉದ್ದದ ಜೋಡಿ ಸುರಂಗಮಾರ್ಗದ ಕೆಲಸಕ್ಕೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಸಾಗುವುದು ರಾಷ್ಟ್ರೀಯ ಉದ್ಯಾನದ ಅಡಿಯಲ್ಲೇ.

ಇದನ್ನು ಬರೆಯುವಾಗ ನಮ್ಮದೇ ಚಕ್ರದ ಗುರುತನ್ನೂ ನೋಡಿಕೊಳ್ಳಬೇಕು. ಯೇವೂರಿನ ಕಾಡು ಚಿರತೆಯ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಊರಿಗೆ ಹೋಗುವ ರಸ್ತೆ ಬೇರೆ, ಕಾಡಿನ ಪಾಯವಾಟೆ ಬೇರೆ. ಹಸಿ ಮಣ್ಣಿನ ಇಳಿಜಾರಿನಲ್ಲಿ ಬ್ರೇಕು ಕಚ್ಚಿ ಜಾರಿಸಿದರೆ ಬೀಳುವ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಬರಿಗಾಲಿನವರು ಎರಡು ಸಾವಿರ ವರ್ಷ ಸವೆಸಿ ಉಳಿಸಿದ್ದನ್ನು ನಾವು ಎರಡು ಮಳೆಗಾಲದಲ್ಲಿ ಕೆಡಿಸಬಲ್ಲೆವು.

ನಾನು ಈಗಲೂ ಖಾರಘರಿಗೆ ಹೋಗುತ್ತೇನೆ, ಬೇರೆ ಸೈಕಲ್ಲಿನಲ್ಲಿ. ಎದುರಿಗೆ ಹೊರೆ ಹೊತ್ತವರು ಬಂದರೆ ಇಳಿದು, ಸೈಕಲ್ಲನ್ನು ಬದಿಯ ಹುಲ್ಲಿಗೆ ಎತ್ತಿ ನಿಲ್ಲಿಸಿ, ಅವರು ದಾಟುವವರೆಗೆ ಕಾಯುತ್ತೇನೆ. ಒಮ್ಮೆ ಒಬ್ಬ ಅಜ್ಜಿ ನಿಂತು, ಡಿಸ್ಕ್ ಬ್ರೇಕನ್ನು ಬೆರಳಿನಿಂದ ತೋರಿಸಿ ಇದೇನೆಂದು ಕೇಳಿದರು. ಇಳಿಯುವಾಗ ಹಿಡಿದು ನಿಲ್ಲಿಸಲು ಎಂದೆ. ‘ಹಿಡಿಯುತ್ತದಾ?’ ಎಂದರು. ಈಗ ಹಿಡಿಯುತ್ತದೆ ಎಂದೆ. ಅಜ್ಜಿ ನಕ್ಕು ಹೊರೆಯನ್ನು ಸರಿಮಾಡಿಕೊಂಡು ಇಳಿದು ಹೋದರು.