ಕೆಂಪು ದೀಪ, ಕಟೌಟು ಮತ್ತು ಕ್ಯಾಂಪಿನ ಮಿಸ್ತ್ರಿ

ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಮೊದಲ ಬೈಗುಳ ಬೀಳುವುದು ಬ್ಯಾಟರಿಗೆ. ಪಾಪ, ಎಷ್ಟೋ ಸಲ ಅದರದ್ದು ತಪ್ಪೇ ಇರುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಕಾರಿನ ಕರೆಂಟಿನ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಬೇಕು. ತಾಂತ್ರಿಕ ವಿಷಯ ಅಂತ ಓಡಿ ಹೋಗಬೇಡಿ, ಸರಳವಾಗಿಯೇ ಹೇಳ್ತೀನಿ :-)

ಮೊದಮೊದಲ ಕಾರುಗಳನ್ನು ಎದುರಿಗೆ ನಿಂತು ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡಬೇಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಸೆಲ್ಫ್ ಬಂದ ಮೇಲೆ ದೊಡ್ಡ ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಡೈನಮೋ ಬೇಕು, ಡೈನಮೋ ಅತಿ ಮಾಡದಂತೆ ತಡೆಯಲು ರೆಗ್ಯುಲೇಟರ್ ಬೇಕು. ನಮ್ಮ ಮಿಸ್ತ್ರಿಗಳು ಈ ರೆಗ್ಯುಲೇಟರನ್ನು ಕರೆಯುತ್ತಿದ್ದದ್ದು 'ಕಟೌಟು' ಅಂತ. ನಿಜಕ್ಕೂ ಕಟೌಟು ಆ ಡಬ್ಬಿಯ ಒಂದು ಭಾಗ ಮಾತ್ರ. ಇಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ವಾಪಸ್ ಡೈನಮೋಗೆ ಹರಿಯದಂತೆ ಬಾಗಿಲು ಹಾಕುವುದು ಅದರ ಕೆಲಸ. ಅದರ ಪಾಯಿಂಟು ಅಂಟಿಕೊಂಡಿತೋ, ಬೆಳಗಾಗುವುದರಲ್ಲಿ ಬ್ಯಾಟರಿ ಖಾಲಿ!

ನಮ್ಮಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರ್ ಬಂತು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. ಕಾರಿನ ವಿದ್ಯುತ್ ಸಾಮಾನುಗಳನ್ನು ಇಲ್ಲೇ ತಯಾರಿಸಲು 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಶುರುವಾಯಿತು.

ಡೈನಮೋದ ದೊಡ್ಡ ದೌರ್ಬಲ್ಯ ಅಂದ್ರೆ ಇಂಜಿನ್ ನಿಧಾನವಾದರೆ ಅದೂ ಸುಮ್ಮನಾಗುತ್ತದೆ. ಆಗಿನ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಲೂಕಾಸ್ ಸಿ40 ಡೈನಮೋ ಜೋರಾಗಿ ಓಡಿದರೂ ಕೊಡುತ್ತಿದ್ದದ್ದು 22 ಆಂಪಿಯರ್. ಈಗ ಖರ್ಚು ಲೆಕ್ಕ ಹಾಕಿ. 45 ವ್ಯಾಟಿನ ಎರಡು ಹೆಡ್‌ಲೈಟಿಗೆ ಏಳೂವರೆ ಆಂಪಿಯರ್, ವೈಪರ್, ಇಗ್ನಿಷನ್, ಹಿಂದಿನ ದೀಪ ಎಲ್ಲ ಸೇರಿ ಹದಿನೈದರ ಆಸುಪಾಸು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಆಷಾಢದ ಮಳೆಯಲ್ಲಿ, ರಾತ್ರಿ ಹೊತ್ತು, ಟಿಳಕವಾಡಿಯ ರೈಲ್ವೆ ಗೇಟ್ ಬೇರೆ ಹಾಕಿದೆ... ಇಂಜಿನ್ ಗುರುಗುಟ್ಟುತ್ತ ನಿಂತಿದೆ, ದೀಪ ಮಂಕಾಗಿದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಾತ್ರ ಕಣ್ಣು ಬಿಡುತ್ತಿದೆ. ಗಳಿಕೆ ಇಲ್ಲ, ಖರ್ಚು ನಿಂತಿಲ್ಲ!

ನಮ್ಮ ಕಾಕಾನ ಹತ್ತಿರ ಮಾರ್ಕ್ ಟೂ ಅಂಬಾಸಿಡರ್ ಇತ್ತು. 1980ರ ದಶಕದಲ್ಲಿ ಖಾನಾಪುರಕ್ಕೆ ಅದರಲ್ಲೇ ಅವರ ಓಡಾಟ. ಎರಡು ಮಳೆಗಾಲದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು. ಅಂಗಡಿಯವನು ಎರಡು ಸಲವೂ "ಬ್ಯಾಟ್ರಿ ಹೋಗೇದ್ರಿ" ಅಂದಿದ್ದ. ಮೂರನೆಯದಕ್ಕೆ ದುಡ್ಡಿಲ್ಲದೆ ಕಾರು ಮಾರುವ ಮಾತೂ ಮನೆಯಲ್ಲಿ ಬಂದಿತ್ತು. ಕಡೆಗೆ ಹೋದದ್ದು ಕ್ಯಾಂಪಿಗೆ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈ ಸೇರಿದ ಮೇಲೆ ಬೆಳೆದ ದಂಡಿನ ಪ್ರದೇಶ ಅದು. ಅಲ್ಲಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಇದ್ದದ್ದು ಒಂದು ಹೈಡ್ರೋಮೀಟರ್, ಎರಡು ವಾಯರು ಕಟ್ಟಿದ ಒಂದು ಬಲ್ಬು, ಅಷ್ಟೇ.

ಮೊದಲು ಆರೂ ಸೆಲ್ಲುಗಳ ಆಸಿಡ್ ಅಳೆದರು. ಆರೂ ಒಂದೇ ಸಮ ಕಡಿಮೆ. ಒಂದೇ ಸೆಲ್ ಕೆಳಗಿದ್ದರೆ ಬ್ಯಾಟರಿ ಕೆಟ್ಟಿದೆ ಅಂತ. ಎಲ್ಲ ಸಮನಾಗಿ ಇಳಿದಿದ್ದರೆ ಅದಕ್ಕೆ ಹೊಟ್ಟೆಗೆ ಬಿದ್ದಿಲ್ಲ ಅಂತ. ಆಮೇಲೆ ಡೈನಮೋದ ಎರಡೂ ವಾಯರು ಬಿಚ್ಚಿ, ಎರಡು ತುದಿ ಜೋಡಿಸಿ ಬಲ್ಬು ಹಚ್ಚಿದರು. ಇಂಜಿನ್ ಸ್ವಲ್ಪ ಏರಿಸಿದ್ದೇ ಜಗ್ಗನೆ ಹತ್ತಿತು. ಡೈನಮೋ ಸರಿ ಇದೆ. ಸೆಲ್ಫ್ ಹೊಡೆಸಿ ಚೋಕಿನ ಕೇಬಲ್ ಮುಟ್ಟಿ ನೋಡಿದರು.

"ಸಾಹೇಬ್ರ, ಇದ್ಯಾಕ ಬಿಸಿ ಆಗೇದ? ಬ್ಯಾಟ್ರಿ ಛಲೋ ಐತ್ರಿ, ಅರ್ಥ್ ಹೋಗೇದ."

ಇಂಜಿನ್ನಿಗೂ ಕಾರಿನ ಮೈಗೂ ನಡುವೆ ಇರುವ ತಾಮ್ರದ ಹೆಣಿಗೆ ಪಟ್ಟಿ ಮಳೆಗೆ ಕೊಳೆತು ಹೋಗಿತ್ತು. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ, ಅಲ್ಲಿಂದ ದಾರಿ ಇಲ್ಲ. ಹಾಗಾಗಿ ಸೆಲ್ಫಿನ ಕರೆಂಟು ತೆಳ್ಳನೆ ಚೋಕ್ ಕೇಬಲ್ ಹಿಡಿದು ವಾಪಸ್ ಬರುತ್ತಿತ್ತು. ಸೆಲ್ಫ್ ಎಳೆದೆಳೆದು ಬ್ಯಾಟರಿ ಬಸವಳಿಯುತ್ತಿತ್ತು, ತಿರುಗಿ ಬರುವ ಚಾರ್ಜಿಗೂ ಅದೇ ಇಕ್ಕಟ್ಟು. ಒಂದು ಪಟ್ಟಿ ಬದಲಾಯಿತು, ಕಾರು ಮನೆಯಲ್ಲೇ ಉಳಿಯಿತು.

ಡೈನಮೋದ ಕಾಲ ಮುಗಿಸಿದ್ದು ಆಲ್ಟರ್ನೇಟರ್. ಸಿಲಿಕಾನ್ ಡಯೋಡು ಅಗ್ಗವಾದ ಮೇಲೆ ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟಿನಲ್ಲಿ ಅದನ್ನು ಕೊಟ್ಟಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ರಸ್ತೆಗಳಲ್ಲಿ ಅದನ್ನು ಮನೆಮಾತಾಗಿಸಿತು. ಇಂಜಿನ್ ನಿಧಾನವಿದ್ದರೂ ಚಾರ್ಜ್ ಬರುತ್ತದೆ, ಡಯೋಡುಗಳೇ ಬಾಗಿಲು ಕಾಯುವುದರಿಂದ ಕಟೌಟು ಬೇಡ. ಒಂದು ತಮಾಷೆ ನೋಡಿ, ಹಳೇ ಆಲ್ಟರ್ನೇಟರುಗಳಲ್ಲಿ ಮೊದಲ ಕರೆಂಟು ಹೋಗುವುದು ಆ ಕೆಂಪು ದೀಪದ ಮೂಲಕವೇ. ಹಲವು ಕಾರುಗಳಲ್ಲಿ ಆ ಬಲ್ಬು ಸುಟ್ಟರೆ ಚಾರ್ಜೇ ಶುರುವಾಗುವುದಿಲ್ಲ! ಕೀ ತಿರುಗಿಸಿದಾಗ ದೀಪ ಹತ್ತಲಿಲ್ಲ ಅಂದ್ರೆ ಖುಷಿಪಡಬೇಡಿ.

ನಿಮ್ಮ ಹತ್ತಿರವೂ ಹಳೇ ಕಾರಿದ್ದರೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಏರದಿದ್ದರೆ ಮೊದಲು ಬೆಲ್ಟು ನೋಡಿ, ಆಮೇಲೆ ಟರ್ಮಿನಲ್ಲು, ಅರ್ಥ್ ಪಟ್ಟಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಬದಲಿಸುವುದು ಕಟ್ಟಕಡೆಗೆ.

ಈಗಿನ ಕಾರುಗಳಲ್ಲಿ ಚಾರ್ಜನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಸ್ಕ್ಯಾನರ್ ಹಚ್ಚಿದರೆ ಕೋಡು ಬರುತ್ತದೆ. ಆದರೆ ಕೊಳೆತ ತಾಮ್ರದ ಪಟ್ಟಿಯನ್ನು ಹುಡುಕುವುದಕ್ಕೆ ಇವತ್ತಿಗೂ, ಹೋದ ಕರೆಂಟು ವಾಪಸ್ ಬರುವುದಕ್ಕೂ ಒಂದು ದಾರಿ ಬೇಕಲ್ಲ ಅಂತ ಯೋಚಿಸುವ ಒಬ್ಬ ಮನುಷ್ಯ ಬೇಕು. ನಿಮ್ಮೂರ ಕಡೆ ಕಟೌಟಿಗೆ ಏನಂತಿದ್ದರು? ಅಂಥ ಮಿಸ್ತ್ರಿಗಳು ನಿಮಗೂ ಗೊತ್ತಿದ್ದರೆ ಬರೆದು ತಿಳಿಸಿ.