ಇಂಬರ್ ಊರಿನ ಹುಲ್ಲು

1943ರ ನವೆಂಬರ್ 1ರಂದು ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಇಂಬರ್ ಎಂಬ ಸಣ್ಣ ಹಳ್ಳಿಯ ಜನರನ್ನು ಶಾಲೆಯ ಕೋಣೆಗೆ ಕರೆಸಿ ಒಂದು ಆದೇಶವನ್ನು ತಿಳಿಸಲಾಯಿತು. ಇನ್ನು 47 ದಿನಗಳಲ್ಲಿ ಎಲ್ಲರೂ ಮನೆ ಬಿಡಬೇಕು. ಯೂರೋಪಿನ ದಂಡಯಾತ್ರೆಗೆ ಅಣಿಯಾಗುತ್ತಿರುವ ಅಮೆರಿಕದ ಸೈನಿಕರಿಗೆ ಬೀದಿಕಾಳಗದ ಅಭ್ಯಾಸಕ್ಕೆ ಊರು ಬೇಕಾಗಿದೆ. ಜನ ಸುಮಾರು 150. ಪ್ರತಿಭಟಿಸಿದವರು ಕಡಿಮೆ. ಯುದ್ಧಕಾಲವೆಂಬುದು ಒಂದು ಕಾರಣ. ಯುದ್ಧ ಮುಗಿದ ಮೇಲೆ ಮರಳಬಹುದೆಂಬ ನಂಬಿಕೆ ಇನ್ನೊಂದು. ನಲವತ್ತು ವರ್ಷಕ್ಕೂ ಮಿಕ್ಕಿ ಆ ಊರಿನ ಕಮ್ಮಾರನಾಗಿದ್ದ ಆಲ್ಬರ್ಟ್ ನ್ಯಾಶ್ ತನ್ನ ಬಡಿಗಲ್ಲಿನ ಮೇಲೆ ಬಾಗಿ ಬಿಕ್ಕಿ ಅಳುತ್ತಿದ್ದನೆಂದು ಹೇಳುತ್ತಾರೆ. ಆತ ಇಂಬರಿಗೆ ಮರಳಿದ್ದು ನಿಜ, ಆದರೆ ಹೂಳುವುದಕ್ಕಾಗಿ ತಂದ ಶವವಾಗಿ.

ಇಂಬರ್ ಇರುವುದು ಸಾಲ್ಸ್‌ಬರಿ ಬಯಲಿನಲ್ಲಿ. ಎಂ.ಎ. ಇಂಗ್ಲಿಷ್ ಓದಿದ ನಮ್ಮಂಥವರು ಆ ಬಯಲನ್ನು ಕಾಣದೆಯೇ ಬಲ್ಲೆವು: ಥಾಮಸ್ ಹಾರ್ಡಿಯ ಟೆಸ್ ಸೆರೆಯಾಗುವ ಸ್ಟೋನ್‌ಹೆಂಜ್ ಅದರ ಅಂಚಿನಲ್ಲಿದೆ. ಆ ಕಾದಂಬರಿ ಪುಸ್ತಕವಾಗಿ ಬಂದದ್ದು 1891ರಲ್ಲಿ. ಅದಾಗಿ ಆರೇ ವರ್ಷಕ್ಕೆ, 1897ರಲ್ಲಿ, ಬ್ರಿಟಿಷ್ ಯುದ್ಧ ಇಲಾಖೆ ಅಲ್ಲಿ ಭೂಮಿ ಕೊಳ್ಳಲಾರಂಭಿಸಿತು. ಎರಡು ಮಹಾಯುದ್ಧಗಳ ನಡುವೆ ಇಂಬರಿನ ಹೊಲಮನೆಗಳೂ ಬಹುಪಾಲು ಇಲಾಖೆಯ ಪಾಲಾದವು. ಊರಿನವರು ತಮ್ಮ ಮನೆಗಳಲ್ಲೇ ಸರ್ಕಾರದ ಒಕ್ಕಲಾದರು. ಇಂದು ಅಲ್ಲಿ ಸೇನೆಯ ವಶದಲ್ಲಿರುವುದು ಸುಮಾರು 94,000 ಎಕರೆ.

ಈ ನೆಲದ ಹೆಸರು ಈಗ ಕೇಳಿಬರುವುದು ಬೇರೆಯದೇ ಕಾರಣಕ್ಕೆ. ವಾಯವ್ಯ ಯೂರೋಪಿನಲ್ಲಿ ಉಳಿದಿರುವ ಸೀಮೆಸುಣ್ಣದ ನೆಲದ ಹುಲ್ಲುಗಾವಲುಗಳಲ್ಲಿ ಅತಿ ದೊಡ್ಡದು ಇದು. ನೆಲದ ಮೇಲೆಯೇ ಮೊಟ್ಟೆಯಿಡುವ ಸ್ಟೋನ್ ಕರ್ಲ್ಯೂ ಹಕ್ಕಿ, ಬೇರೆಡೆ ಅಪರೂಪವಾದ ಚಿಟ್ಟೆ, ದುಂಬಿ, ಹೂಗಿಡಗಳು ಇಲ್ಲಿ ಬದುಕಿವೆ. ಫಿರಂಗಿ ಗುಂಡು ಬೀಳುವಲ್ಲಿ ಇವೆಲ್ಲ ಹೇಗೆ ಉಳಿದವು? ಮನುಷ್ಯರನ್ನು ಹೊರಗಟ್ಟಿದ್ದರಿಂದ ಪ್ರಕೃತಿ ಉಳಿಯಿತು ಎಂಬುದು ಸುಲಭವಾಗಿ ಸಿಗುವ ಉತ್ತರ. ಅದು ಅರ್ಧ ಮಾತ್ರ ಸರಿಯೆಂದು ನನ್ನ ಎಣಿಕೆ.

ಏಕೆಂದರೆ ಆ ಹುಲ್ಲುಗಾವಲು ಕಾಡಿನಂತೆ ತಾನಾಗಿ ಬೆಳೆದದ್ದಲ್ಲ. ಶತಮಾನಗಳ ಕಾಲ ಕುರಿಗಳು ಮೇದು ಮೇದು ಮಾಡಿದ ನೆಲ ಅದು. ಮೇಯುವ ಬಾಯಿಲ್ಲದಿದ್ದರೆ ಪೊದೆ ಏಳುತ್ತದೆ, ಪೊದೆಯ ಬೆನ್ನಿಗೆ ಮರ. ಡಬ್ಲ್ಯೂ. ಎಚ್. ಹಡ್ಸನ್ 1910ರಲ್ಲಿ ಈ ಸೀಮೆಯ ಕುರಿಗಾಹಿಯ ಬದುಕನ್ನು ಒಂದು ಇಡೀ ಪುಸ್ತಕವಾಗಿ ಬರೆದ. ಇಂಬರಿನ ಜನರೂ ಆ ಬದುಕಿನವರೇ. ಹುಲ್ಲನ್ನು ಮಾಡಿದವರು ಅವರು. ಸೇನೆ ತಡೆದದ್ದು ಅವರ ನಂತರ ಬರಲಿದ್ದುದನ್ನು. ಯುದ್ಧಾನಂತರ ಇಂಗ್ಲೆಂಡಿನ ಉಳಿದ ಇಳಿಜಾರುಗಳನ್ನೆಲ್ಲ ಟ್ರ್ಯಾಕ್ಟರ್ ಉತ್ತಿತು, ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕ ಹೊಕ್ಕವು. ಸಿಡಿಯದ ಗುಂಡುಗಳು ಹೂತಿರುವ ಜಾಗಕ್ಕೆ ನೇಗಿಲು ಹೋಗಲಿಲ್ಲ.

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾತ್ರ ಫೇರಿ ಶ್ರಿಂಪ್ ಎಂಬ ಬೆರಳುಗುರಿನಷ್ಟೇ ಇರುವ ಸಿಗಡಿಯ ಬಂಧು. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಒಣಗುವ ಹೊಂಡಗಳಷ್ಟೇ ಇದರ ಲೋಕ. ಹೊಂಡ ಬತ್ತಿದಾಗ ಮೊಟ್ಟೆಗಳು ಕೆಸರಿನಲ್ಲೇ ಒಣಗಿ ಕಾದಿರುತ್ತವೆ. ಹಿಂದೆ ದನಕರುಗಳ ಗೊರಸು, ಗಾಡಿಯ ಚಕ್ರ ಆ ಕೆಸರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದವು. ಈಗ ಆ ಕೆಲಸ ಯುದ್ಧಟ್ಯಾಂಕಿನದು. ಅದರ ಪಟ್ಟಿ ಕೊರೆದ ಹಳ್ಳದಲ್ಲಿ ಸಿಗಡಿ ಹುಟ್ಟುತ್ತದೆ, ಅದೇ ಪಟ್ಟಿಗೆ ಅಂಟಿ ಮುಂದಿನ ಹಳ್ಳಕ್ಕೆ ಸಾಗುತ್ತದೆ. ಗಾಡಿ ಹೊಡೆಯುವವನಿಗೂ ಟ್ಯಾಂಕ್ ನಡೆಸುವವನಿಗೂ ಇದರ ಪರಿವೆಯಿಲ್ಲ.

ಪರಿವೆಯಿಟ್ಟು ಕಾಯುವುದು ಆರಂಭವಾದದ್ದು ತಡವಾಗಿ. ಸೇನಾಭೂಮಿಗಳ ಕುರಿತು ಲಾರ್ಡ್ ನ್ಯೂಜೆಂಟ್ ನೇತೃತ್ವದ ಸಮಿತಿ 1973ರಲ್ಲಿ ವರದಿ ಕೊಟ್ಟ ಮೇಲೆ ರಕ್ಷಣಾ ಇಲಾಖೆಯೊಳಗೆ ಪ್ರಕೃತಿ ಸಂರಕ್ಷಣೆಗೆ ಒಂದು ಸ್ಥಾನ ದೊರೆಯಿತು. ಇಂದು ಸ್ಟೋನ್ ಕರ್ಲ್ಯೂ ಹಕ್ಕಿ ಗೂಡು ಕಟ್ಟಲೆಂದೇ ಅಲ್ಲಲ್ಲಿ ನೆಲವನ್ನು ಕೆದಕಿ ಬರಿದು ಬಿಡುತ್ತಾರೆ. ಪೊದೆ ಕಡಿಯುತ್ತಾರೆ, ದನ ಮೇಯಿಸುತ್ತಾರೆ. ಅಂದರೆ ಹಳ್ಳಿಗರು ಕೂಲಿಯಿಲ್ಲದೆ ಮಾಡುತ್ತಿದ್ದುದನ್ನು ಸರ್ಕಾರ ಯೋಜನೆ ಹಾಕಿ ಮಾಡುತ್ತಿದೆ. 1832ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸಂತಾನ ಕಳೆದುಕೊಂಡಿದ್ದ ಗ್ರೇಟ್ ಬಸ್ಟರ್ಡ್ ಹಕ್ಕಿಯನ್ನೂ 2004ರಿಂದ ರಷ್ಯಾದ ಮರಿಗಳನ್ನು ತಂದು ಈ ಬಯಲಿನಲ್ಲಿ ಬಿಟ್ಟರು. 2009ರಲ್ಲಿ ಅವು ಇಲ್ಲಿಯೇ ಮರಿ ಮಾಡಿದವು.

ಇಂಬರಿನವರಿಗೆ ಮಾತ್ರ ಅಂಥ ಮರಳುವಿಕೆ ಒದಗಲಿಲ್ಲ. 1961ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಪಾಳು ಊರಿಗೆ ನುಗ್ಗಿ ಹಕ್ಕು ಕೇಳಿದರು. ವಿಚಾರಣೆ ನಡೆಯಿತು, ನೆಲ ಸೇನೆಯಲ್ಲೇ ಉಳಿಯಿತು. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ‘ತಾತ್ಕಾಲಿಕ’ ಎಂಬ ಪದದ ಆಯುಸ್ಸು ಗೊತ್ತು. ಸರ್ಕಾರಿ ಭಾಷೆಯಲ್ಲಿ ಅದರಷ್ಟು ಗಟ್ಟಿಯಾದ ಪದ ಇನ್ನೊಂದಿಲ್ಲ.

ಗ್ರೇಟ್ ಬಸ್ಟರ್ಡಿನ ದಾಯಾದಿಯೇ ನಮ್ಮ ಎರೆಭೂತ. ಇಡೀ ಲೋಕದಲ್ಲಿ ನೂರೈವತ್ತರಷ್ಟೂ ಉಳಿದಿಲ್ಲದ ಈ ಹಕ್ಕಿಗೆ ಇಂದಿನ ಮುಖ್ಯ ಆಸರೆಗಳಲ್ಲಿ ಒಂದು ರಾಜಸ್ಥಾನದ ಪೋಖರಣ್ ಫೈರಿಂಗ್ ರೇಂಜ್. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟಿವೆ. ಅಲ್ಲಿಂದ ದಕ್ಷಿಣಕ್ಕೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲುಗಳೂ ಇಂಥದೇ ಹುಲ್ಲಿನ ನೆಲ. ಮೈಸೂರು ಅರಸರ ಕಾಲದಿಂದ ದನ ಮೇದು ಉಳಿದದ್ದು, ಕೃಷ್ಣಮೃಗಗಳ ಬೀಡು. ಅದರ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ದೇಶಕ್ಕೆ ಪರೀಕ್ಷಾ ಭೂಮಿ ಬೇಕೆಂಬುದನ್ನು ನಾನು ಅಲ್ಲಗಳೆಯಲಾರೆ. ಆ ಬೇಲಿಯೊಳಗೆ ಹುಲ್ಲು ಉಳಿಯಲೂಬಹುದು. ಆದರೆ ಅದನ್ನು ಲೆಕ್ಕಕ್ಕೆ ಬರೆಯುವಾಗ ಬೇಲಿಯ ಹೊರಗೆ ಕುರಿಮಂದೆಯೊಡನೆ ನಿಂತವರ ಹೆಸರು ಯಾವ ಕಾಲಮ್ಮಿನಲ್ಲಿ ಬರುತ್ತದೆ?

ಇಂಬರಿನಲ್ಲಿ ಸಂತ ಜೈಲ್ಸನ ಚರ್ಚು ಇನ್ನೂ ನಿಂತಿದೆ. ವರ್ಷದಲ್ಲಿ ಕೆಲವು ದಿನ ದಾರಿ ತೆರೆಯುತ್ತಾರೆ, ಪ್ರಾರ್ಥನೆ ನಡೆಯುತ್ತದೆ. ರಸ್ತೆ ಬಿಟ್ಟು ಹುಲ್ಲಿಗೆ ಕಾಲಿಡಬಾರದೆಂದು ಫಲಕಗಳು ಎಚ್ಚರಿಸುತ್ತವೆ.